ಮೈಲುತುತ್ತ ಹರಳುಗಟ್ಟುವ ಹದ

ಮೇ ತಿಂಗಳ ಕೊನೆಗೆ ಮಲೆನಾಡಿನ ಯಾವ ಅಡಿಕೆ ತೋಟದವರ ಅಂಗಳಕ್ಕೆ ಹೋದರೂ ನೀಲಿ ಕಲೆ ಕಣ್ಣಿಗೆ ಬೀಳುತ್ತದೆ. ಪ್ಲಾಸ್ಟಿಕ್ ಡ್ರಮ್ಮಿನ ಅಂಚಿಗೆ, ಪಂಪಿನ ಪೈಪಿಗೆ, ಮರ ಹತ್ತುವ ಕೊನೆಗೌಡನ ಅಂಗಿ ತೋಳಿಗೆ, ಎಲ್ಲಕ್ಕೂ ಅದೇ ಬಣ್ಣ. ಕೊಳೆ ಔಷಧಿ ಹೊಡೆಯುವ ಕಾಲ ಅದು. ಔಷಧಿಗೆ ಬೇಕಾದ ಮುಖ್ಯ ಸಾಮಾನು ಎರಡೇ: ಸುಣ್ಣ ಮತ್ತು ಮೈಲುತುತ್ತ. ಸುಣ್ಣ ಎಲ್ಲಿಂದ ಬರುತ್ತದೆ ಎಂಬುದು ಊರಿನವರಿಗೆಲ್ಲ ಗೊತ್ತು, ಕಲ್ಲನ್ನೋ ಚಿಪ್ಪನ್ನೋ ಸುಟ್ಟರೆ ಆಯಿತು. ಮೈಲುತುತ್ತ ಮಾತ್ರ ಚೀಲದಲ್ಲಿ ಬರುತ್ತದೆ. ಚೀಲದ ಹಿಂದೆ ಏನಿದೆ ಎಂದು ಕೇಳಿದವರು ಕಡಿಮೆ.

ಹೆಸರಿನಲ್ಲೇ ನವಿಲು ಕೂತಿದೆ, ಮಯಿಲು ಎಂದರೆ ನವಿಲು. ಸಂಸ್ಕೃತದ ರಸಗ್ರಂಥಗಳು ಇದನ್ನೇ ಶಿಖಿಗ್ರೀವ, ಅಂದರೆ ನವಿಲಿನ ಕೊರಳು ಎಂದು ಕರೆದವು. ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದು ತಾಮ್ರದ ಸಲ್ಫೇಟ್ ಎಂಬ ಲವಣ. ತಾಮ್ರ ಒಂದು ಕಡೆಯಿಂದ, ಸಲ್ಫ್ಯೂರಿಕ್ ಆಮ್ಲ ಇನ್ನೊಂದು ಕಡೆಯಿಂದ ಬಂದು ಆದದ್ದು. ಹಾಗಾದರೆ ತಾಮ್ರದ ತಂತಿಯನ್ನು ಆಮ್ಲದಲ್ಲಿ ಮುಳುಗಿಸಿಟ್ಟರೆ ಮೈಲುತುತ್ತ ಆಗಬೇಕಲ್ಲ? ಆಗುವುದಿಲ್ಲ. ನೀರು ಬೆರೆಸಿದ ಸಲ್ಫ್ಯೂರಿಕ್ ಆಮ್ಲದಲ್ಲಿ ಸತುವಿನ ಚೂರು ಬುಸುಗುಟ್ಟಿ ಕರಗುತ್ತದೆ, ಕಬ್ಬಿಣವೂ ಕರಗುತ್ತದೆ, ತಾಮ್ರ ಮಾತ್ರ ತಣ್ಣಗೆ ಕುಳಿತಿರುತ್ತದೆ. ಆಮ್ಲದಲ್ಲಿರುವ ಹೈಡ್ರೋಜನ್ನನ್ನು ಎತ್ತಿ ಹೊರಗೆ ಹಾಕುವ ಕಸುವು ಅದಕ್ಕಿಲ್ಲ. ನೀರು ಬೆರೆಸದ ಆಮ್ಲದಲ್ಲಿ ಕುದಿಸಿದರೆ ಕರಗುತ್ತದೆ ನಿಜ, ಆದರೆ ಜೊತೆಗೆ ಗಂಟಲು ಹಿಡಿಯುವ ಗಂಧಕದ ಡೈಆಕ್ಸೈಡ್ ಹೊಗೆ ಬರುತ್ತದೆ, ಅರ್ಧ ಆಮ್ಲ ಆ ಹೊಗೆಗೇ ಖರ್ಚು.

ಇದಕ್ಕೆ ಪರಿಹಾರ ನಮ್ಮ ಅಡುಗೆಮನೆಯಲ್ಲೇ ಇದೆ. ಹಬ್ಬದ ಹಿಂದಿನ ದಿನ ಮಂಕಾದ ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಒಂದೇ ನಿಮಿಷಕ್ಕೆ ಹೊಳಪು ಬರುತ್ತದೆ. ಉಜ್ಜುವ ಕೈಗೆ ತಾಕತ್ತು ಬೇಕಾಗಿಲ್ಲ, ಹುಳಿಯೇ ಕೆಲಸ ಮಾಡುತ್ತದೆ. ಮಂಕು ಎಂದರೆ ಗಾಳಿಯ ಆಮ್ಲಜನಕ ಸೇರಿ ಆದ ತಾಮ್ರದ ಆಕ್ಸೈಡ್. ಹುಣಸೆಯ ಟಾರ್ಟಾರಿಕ್ ಆಮ್ಲ ಆ ಆಕ್ಸೈಡನ್ನು ಕರಗುವ ಲವಣ ಮಾಡಿ ತೊಳೆದುಬಿಡುತ್ತದೆ. ಕೆಳಗಿನ ತಾಮ್ರವನ್ನು ಹೆಚ್ಚುಕಡಿಮೆ ಮುಟ್ಟುವುದಿಲ್ಲ. ಹಸಿರು ಕಿಲುಬು ಕಟ್ಟಿದ್ದರೂ ಹೀಗೆಯೇ ಹೋಗುತ್ತದೆ. ಹಾಗೆಂದು ತಾಮ್ರದ ಪಾತ್ರೆಯಲ್ಲಿ ಹುಳಿ ಸಾರು ಮಾಡಿ ರಾತ್ರಿಯಿಡೀ ಇಟ್ಟರೆ ಗಾಳಿ ಒಂದು ಕಡೆಯಿಂದ ಆಕ್ಸೈಡ್ ಮಾಡುತ್ತಾ, ಹುಳಿ ಇನ್ನೊಂದು ಕಡೆಯಿಂದ ಅದನ್ನು ಕರಗಿಸುತ್ತಾ ಬೆಳಗಾಗುವಷ್ಟರಲ್ಲಿ ಸಾರು ವಿಷವಾಗುತ್ತದೆ. ಅಜ್ಜಿಯರು ಕಲಾಯಿಯವನ ದಾರಿ ಕಾಯುತ್ತಿದ್ದದ್ದು ಇದಕ್ಕೇ.

ಲೋಹ ಒಲ್ಲದ ಆಮ್ಲಕ್ಕೆ ಲೋಹದ ಆಕ್ಸೈಡ್ ಒಗ್ಗುತ್ತದೆ ಎಂಬುದೇ ಉಪಾಯ. ಆಕ್ಸೈಡಿನಲ್ಲಿರುವ ಆಮ್ಲಜನಕ ಆಮ್ಲದ ಹೈಡ್ರೋಜನ್ನನ್ನು ಹಿಡಿದು ನೀರಾಗುತ್ತದೆ, ಉಳಿದ ತಾಮ್ರ ಮತ್ತು ಸಲ್ಫೇಟ್ ಜೊತೆಯಾಗುತ್ತವೆ. ಗುಳ್ಳೆಯಿಲ್ಲ, ಹೊಗೆಯಿಲ್ಲ:

ತಾಮ್ರದ ಆಕ್ಸೈಡ್ + ಸಲ್ಫ್ಯೂರಿಕ್ ಆಮ್ಲ → ತಾಮ್ರದ ಸಲ್ಫೇಟ್ + ನೀರು

ಕಾರ್ಖಾನೆಗಳು ಗುಜರಿ ತಾಮ್ರವನ್ನು ಬಿಸಿ ಆಮ್ಲದಲ್ಲಿಟ್ಟು ಒಳಕ್ಕೆ ಗಾಳಿ ಊದುತ್ತವೆ. ಸಾರು ಕೆಡುವ ಕೆಲಸವೇ, ಬೇಕೆಂದು ಮಾಡಿಸಿದ್ದು.

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಇದರ ತಮ್ಮನಂಥ ಪ್ರಯೋಗವೊಂದಿದೆ. ಬೀಕರಿನಲ್ಲಿ ಒಂದಿಷ್ಟು ತಾಮ್ರದ ಆಕ್ಸೈಡ್, ಮೇಲೆ ಹೈಡ್ರೋಕ್ಲೋರಿಕ್ ಆಮ್ಲ, ಕಲಕಿದರೆ ನೀಲಿ-ಹಸಿರು. ಬಣ್ಣ ಬಂತು, ಗಂಟೆ ಹೊಡೆಯಿತು, ಮುಗಿಯಿತು. ನನ್ನನ್ನು ಕೇಳಿದರೆ ಅಡುಗೆ ಶುರುವಾಗುವುದೇ ಆಮೇಲೆ. ಬಣ್ಣದ ನೀರಿನಿಂದ ಕೈಯಲ್ಲಿ ಹಿಡಿಯಬಹುದಾದ, ಬೇರೇನೂ ಬೆರೆಯದ ಹರಳನ್ನು ತೆಗೆಯುವುದರಲ್ಲಿ ಜಾಣತನವಿದೆ. ಆ ಕ್ರಮವನ್ನು ಒಮ್ಮೆ ನಿಧಾನಕ್ಕೆ ನೋಡೋಣ. ಇದು ಪ್ರಯೋಗಾಲಯದ ಕೆಲಸ, ಕಣ್ಣಿಗೆ ಕನ್ನಡಕ ಹಾಕಿ, ತಿಳಿದವರ ಎದುರಿಗೆ ಮಾಡುವಂಥದ್ದು. ಅಡುಗೆಮನೆಯ ಪಾತ್ರೆ, ಬ್ಯಾಟರಿ ಅಂಗಡಿಯ ಆಸಿಡ್ ಎರಡೂ ಬೇಡ.

ಆಮ್ಲ 1 ಮೋಲಾರ್ ಸಾರದ್ದು, 50 ಮಿ.ಲೀ. ಸಾಕು. ಸಾರೀಕೃತ ಆಮ್ಲದಿಂದ ಮಾಡಿಕೊಳ್ಳುವುದಾದರೆ ಸುಮಾರು 5.6 ಮಿ.ಲೀ. ಆಮ್ಲವನ್ನು ನೀರಿಗೆ ಹನಿಹನಿಯಾಗಿ ಹಾಕಿ 100 ಮಿ.ಲೀ. ಮಾಡಬೇಕು. ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ. ಕಾದ ಎಣ್ಣೆಗೆ ನೀರು ಬಿದ್ದಾಗಿನ ಸಿಡಿತ ನೆನೆಸಿಕೊಂಡರೆ ಈ ಕ್ರಮ ಮರೆಯುವುದಿಲ್ಲ.

ಈ 50 ಮಿ.ಲೀ. ಆಮ್ಲಕ್ಕೆ ಲೆಕ್ಕದ ಪ್ರಕಾರ ಬೇಕಾಗುವ ಆಕ್ಸೈಡ್ ಸುಮಾರು 4 ಗ್ರಾಂ. ನಾವು ತೂಗಿಟ್ಟುಕೊಳ್ಳುವುದು 5 ಗ್ರಾಂ. ಇದು ಅಂದಾಜಿನ ಉದಾರತೆಯಲ್ಲ, ಇಡೀ ವಿಧಾನದ ತಿರುಳು ಇಲ್ಲಿದೆ.

ಎರಡು ವಸ್ತು ಕೂಡಿಸುವಾಗ ತೂಕ ಕರಾರುವಾಕ್ಕಾಗಿ ಸರಿಹೋಗುವುದು ಕಷ್ಟ. ಯಾವುದಾದರೊಂದು ಚೂರು ಹೆಚ್ಚೇ ಉಳಿಯುತ್ತದೆ. ಹಾಗಿರುವಾಗ ಯಾವುದು ಉಳಿದರೆ ನಮಗೆ ಸುಲಭ ಎಂದು ಮೊದಲೇ ತೀರ್ಮಾನಿಸಿಕೊಳ್ಳುವುದು ಜಾಣತನ. ಆಮ್ಲ ಉಳಿದರೆ ಅದು ಲವಣದ ನೀರಿನಲ್ಲೇ ಕಣ್ಣಿಗೆ ಕಾಣದೆ ಬೆರೆತಿರುತ್ತದೆ. ಕಾಯಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಸಲ್ಫ್ಯೂರಿಕ್ ಆಮ್ಲ ಹೋಗುವುದಿಲ್ಲ, ಅದು ಕುದಿಯಲು 300 ಡಿಗ್ರಿಗೂ ಮೇಲೆ ಬೇಕು. ನೀರು ಹೋದಷ್ಟೂ ಉಳಿದ ಆಮ್ಲ ಗಟ್ಟಿಯಾಗುತ್ತದೆ. ಕೊನೆಗೆ ಸಿಗುವ ಹರಳು ಎಷ್ಟು ಒರೆಸಿದರೂ ಒದ್ದೆ, ಇಟ್ಟ ಕಾಗದ ನಾಲ್ಕು ದಿನಕ್ಕೆ ಕಂದಿ ಹರಿಯುತ್ತದೆ. ಆಕ್ಸೈಡ್ ಉಳಿದರೆ? ಅದು ನೀರಿನಲ್ಲಿ ಕರಗದ ಕಪ್ಪು ಪುಡಿ. ತಳದಲ್ಲಿ ಕೂತಿರುತ್ತದೆ. ಸೋಸಿದರೆ ಹೋಯಿತು. ಸೋಸಿ ತೆಗೆಯಬಲ್ಲದ್ದನ್ನು ಹೆಚ್ಚು ಹಾಕು, ತೆಗೆಯಲಾಗದ್ದನ್ನು ಪೂರ್ತಿ ಖರ್ಚು ಮಾಡು. ಅಡುಗೆಯಲ್ಲಿ ಉಪ್ಪಿನ ವಿಷಯದಲ್ಲಿ ನಾವು ಅನುಸರಿಸುವ ಎಚ್ಚರವೇ ಇದು.

ಕಾಸ್ಟಿಕ್ ಸೋಡದಿಂದ ಲವಣ ಮಾಡುವವರಿಗೆ ಈ ಸೌಕರ್ಯ ಇಲ್ಲ. ಆಮ್ಲವೂ ಕರಗಿರುತ್ತದೆ, ಸೋಡವೂ ಕರಗಿರುತ್ತದೆ. ಹಾಗಾಗಿ ಬ್ಯೂರೆಟ್ಟು, ಬಣ್ಣ ಬದಲಿಸುವ ಸೂಚಕ, ಹನಿ ಹನಿ ಎಣಿಕೆ ಎಲ್ಲ ಬೇಕು. ಇಲ್ಲಿ ಸೂಚಕವೆಂದರೆ ತಳದ ಕಪ್ಪು ಪುಡಿಯೇ. ಆಮ್ಲ ಮುಗಿಯಿತೇ ಎಂದು ನೋಡಲು ಲಿಟ್ಮಸ್ ಕಾಗದ ಅದ್ದುವವರಿದ್ದಾರೆ. ಅದು ಮೋಸ ಮಾಡುತ್ತದೆ. ಶುದ್ಧ ಮೈಲುತುತ್ತದ ನೀರೂ ಸ್ವಲ್ಪ ಹುಳಿಯೇ, ನೀಲಿ ಲಿಟ್ಮಸ್ಸನ್ನು ಕೆಂಪು ಮಾಡುತ್ತದೆ. ಅದನ್ನು ನಂಬಿ ಆಕ್ಸೈಡ್ ಸುರಿಯುತ್ತಲೇ ಇದ್ದರೆ ಡಬ್ಬಿ ಖಾಲಿಯಾದರೂ ಲಿಟ್ಮಸ್ ಒಪ್ಪುವುದಿಲ್ಲ.

ಈಗ ಬೀಕರನ್ನು ಒಲೆಗಿಡಿ. ತಣ್ಣಗಿನ ಆಮ್ಲದಲ್ಲಿ ಕೆಲಸ ಬಹಳ ನಿಧಾನ, 60-70 ಡಿಗ್ರಿಗೆ ಬಂದರೆ ಚುರುಕಾಗುತ್ತದೆ. ಕುದಿಸುವುದು ಬೇಡ, ಕುದಿದರೆ ಆಮ್ಲದ ಹನಿ ಹಾರುತ್ತದೆ. ಬಿಸಿಯಾದ ಮೇಲೆ ಆಕ್ಸೈಡನ್ನು ಒಂದೊಂದು ಚಿಟಿಕೆ ಹಾಕಿ ಗಾಜಿನ ಕಡ್ಡಿಯಲ್ಲಿ ಕಲಕಬೇಕು. ಮೊದಲ ಚಿಟಿಕೆ ಕಣ್ಣೆದುರೇ ಮಾಯವಾಗುತ್ತದೆ, ನೀರಿಗೆ ತಿಳಿನೀಲಿ ಬರುತ್ತದೆ. ಎರಡನೆಯದು, ಮೂರನೆಯದು ಹಾಕಿದಂತೆ ನೀಲಿ ದಟ್ಟವಾಗುತ್ತಾ, ಪುಡಿ ಕರಗುವ ಹೊತ್ತು ಉದ್ದವಾಗುತ್ತಾ ಹೋಗುತ್ತದೆ. ಕೊನೆಗೊಂದು ಚಿಟಿಕೆ ಎಷ್ಟು ಕಲಕಿದರೂ ಕರಗುವುದಿಲ್ಲ. ಇನ್ನೊಂದೆರಡು ನಿಮಿಷ ಬಿಸಿ ಕೊಟ್ಟು ನೋಡಿ, ಆಗಲೂ ಕಪ್ಪು ಉಳಿದಿದ್ದರೆ ಆಮ್ಲ ಮುಗಿಯಿತು ಎಂದೇ ಅರ್ಥ.

ಡಬ್ಬಿಯ ಆಕ್ಸೈಡ್ ಇಲ್ಲದೆ, ತಾಮ್ರದ ತಗಡನ್ನು ಕೆಂಪಗೆ ಕಾಯಿಸಿ ಉದುರಿಸಿಕೊಂಡ ಕಪ್ಪು ಹೊಪ್ಪಳೆ ಬಳಸಿದರೆ ಒಂದು ಸೋಜಿಗ ಕಾಣುತ್ತದೆ. ಎಲ್ಲ ಕರಗಿದ ಮೇಲೆ ತಳದಲ್ಲಿ ಕಪ್ಪಿನ ಬದಲು ಕೆಂಪು ಪುಡಿ ಉಳಿಯಬಹುದು. ಹೊಪ್ಪಳೆಯ ಹೊರಮೈ ಕಪ್ಪು ಆಕ್ಸೈಡ್ ಆದರೂ ಒಳಮೈ, ಅಂದರೆ ತಾಮ್ರಕ್ಕೆ ಅಂಟಿದ ಪದರ, ಆಮ್ಲಜನಕ ಕಡಿಮೆಯಿರುವ ಕೆಂಪು ಆಕ್ಸೈಡ್. ಅದು ಆಮ್ಲದಲ್ಲಿ ಬಿದ್ದರೆ ಅದರ ಅರ್ಧ ತಾಮ್ರ ಲವಣವಾಗಿ ಕರಗುತ್ತದೆ, ಇನ್ನರ್ಧ ಮತ್ತೆ ಲೋಹವಾಗಿ ತಳಕ್ಕೆ ಇಳಿಯುತ್ತದೆ. ಪ್ರಯೋಗ ಕೆಟ್ಟಿತೆಂದು ಚೆಲ್ಲಬೇಕಾಗಿಲ್ಲ.

ಸೋಸುವುದಕ್ಕೆ ಹೆಚ್ಚು ಹೇಳುವುದಿಲ್ಲ. ಆಲಿಕೆ, ಮಡಿಸಿದ ಸೋಸುಕಾಗದ, ತಾಳ್ಮೆ. ಕಾಗದದ ಅಂಚು ಮೀರಿ ಸುರಿಯಬೇಡಿ. ಕೆಳಗೆ ಇಳಿದದ್ದು ಮಸಿಯ ಚುಕ್ಕೆಯೂ ಇಲ್ಲದ ತಿಳಿ ನೀಲಿಯಾಗಿರಬೇಕು, ಇಲ್ಲವಾದರೆ ಇನ್ನೊಮ್ಮೆ ಸೋಸಿ.

ಈಗ ಬಟ್ಟಲಿನಲ್ಲಿ ಇರುವುದು 50 ಮಿ.ಲೀ.ಗೆ ಹತ್ತಿರದ ನೀರು, ಅದರಲ್ಲಿ ಸುಮಾರು 8 ಗ್ರಾಂ ತಾಮ್ರದ ಸಲ್ಫೇಟ್. ಇದನ್ನು ಹಾಗೇ ತಣಿಸಿದರೆ ಒಂದು ಹರಳೂ ಬರುವುದಿಲ್ಲ, ಅಷ್ಟು ಲವಣವನ್ನು ತಣ್ಣೀರು ಕೂಡ ಆರಾಮಾಗಿ ಹಿಡಿದಿಟ್ಟುಕೊಳ್ಳುತ್ತದೆ. 20 ಡಿಗ್ರಿಯ 100 ಗ್ರಾಂ ನೀರು ಸುಮಾರು 20 ಗ್ರಾಂ ತಾಮ್ರದ ಸಲ್ಫೇಟ್ ಕರಗಿಸಿಕೊಂಡರೆ ಕುದಿಯುವ ನೀರು ಸುಮಾರು 75 ಗ್ರಾಂ ಕರಗಿಸಿಕೊಳ್ಳುತ್ತದೆ. ಈ ಎರಡು ಅಂಕಿಗಳ ನಡುವಿನ ಅಂತರವೇ ನಮ್ಮ ಫಸಲು. ಬಿಸಿಯಲ್ಲಿ ನೀರು ಹಿಡಿಯಬಲ್ಲಷ್ಟು ಲವಣ ತುಂಬುವವರೆಗೆ ನೀರು ಇಂಗಿಸಿ, ಆಮೇಲೆ ತಣಿಸಿದರೆ, ತಣ್ಣೀರಿಗೆ ಹೊರಲಾಗದ್ದು ಹರಳಾಗಿ ಹೊರಗೆ ಬೀಳುತ್ತದೆ.

ಇಂಗಿಸಲು ಪಿಂಗಾಣಿ ಬಟ್ಟಲನ್ನು ಕುದಿಯುವ ನೀರಿನ ಬೀಕರಿನ ಮೇಲೆ ಕೂರಿಸುತ್ತಾರೆ. ನೇರ ಉರಿಗಿಟ್ಟರೆ ಅಂಚಿನಲ್ಲಿ ಒಣಗಿದ ಲವಣ ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕಷ್ಟ. ಆವಿಯ ಬಿಸಿಗೆ ಆ ತಂಟೆಯಿಲ್ಲ. ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಗಡಿಯಾರ ಬೇಡ, ಹದ ನೋಡಬೇಕು. ಆಲೆಮನೆಯಲ್ಲಿ ಬೆಲ್ಲದ ಪಾಕ ಇಳಿಸುವವನು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಉಂಡೆಯಾಗುತ್ತದೋ ಎಂದು ನೋಡುತ್ತಾನೆ. ಇಲ್ಲಿ ಗಾಜಿನ ಕಡ್ಡಿಯನ್ನು ದ್ರಾವಣದಲ್ಲಿ ಅದ್ದಿ ಗಾಳಿಯಲ್ಲಿ ಹಿಡಿಯಬೇಕು. ಕಡ್ಡಿ ಆರುತ್ತಿದ್ದಂತೆ ಅದರ ಮೇಲೆ ಸಣ್ಣ ಹರಳಿನ ಹೊದಿಕೆ ಮೂಡಿದರೆ ಹದ ಬಂತು, ಬಟ್ಟಲು ಇಳಿಸಿ. ನಮ್ಮ 50 ಮಿ.ಲೀ. ಆಗ ಹೆಚ್ಚುಕಡಿಮೆ 15 ಮಿ.ಲೀ.ಗೆ ಇಳಿದಿರುತ್ತದೆ.

ಹೈಸ್ಕೂಲಿನಲ್ಲಿ ನಾವು ನಾಲ್ವರು ಈ ಹದ ತಪ್ಪಿಸಿಕೊಂಡೆವು. ನೀರು ಪೂರಾ ಹೋದರೆ ಹರಳು ಪೂರಾ ಸಿಗುತ್ತದೆ ಎಂಬ ಲೆಕ್ಕ ನಮ್ಮದು. ಆವಿಯ ಬಿಸಿ ಸಾಲದೆಂದು ಬಟ್ಟಲನ್ನು ನೇರ ಉರಿಗೇ ಇಟ್ಟೆವು. ಸಿಕ್ಕಿದ್ದು ಬೂದಿಗೆ ಬಿಳಿ ಬೆರೆತಂಥ ಹುಡಿ. ಮೇಷ್ಟ್ರು ಬೈಯಲಿಲ್ಲ, ಹುಡಿಯ ಮೇಲೆ ಒಂದು ಹನಿ ನೀರು ಬಿಟ್ಟರು. ಬಿದ್ದ ಜಾಗ ನೀಲಿಯಾಯಿತು, ಬಟ್ಟಲು ಬೆಚ್ಚಗಾಯಿತು.

ಮೈಲುತುತ್ತದ ನೀಲಿ ತಾಮ್ರ ಒಂದರಿಂದಲೇ ಬಂದದ್ದಲ್ಲ. ತಾಮ್ರದ ಸುತ್ತ ನೀರಿನ ಅಣುಗಳು ಕೂತಾಗ ಆ ಬಣ್ಣ. ಹರಳಿನಲ್ಲಿ ತಾಮ್ರದ ಸಲ್ಫೇಟಿನ ಒಂದೊಂದು ಜೋಡಿಗೂ ಐದು ಅಣು ನೀರು ಸೇರಿಕೊಂಡಿದೆ. ಒದ್ದೆ ಅನ್ನಿಸದ, ಹರಳಿನ ಗೋಡೆಗೆ ಇಟ್ಟಿಗೆಯಂತೆ ಕಟ್ಟಿದ ನೀರು ಅದು. 100 ಡಿಗ್ರಿ ದಾಟಿಸಿದರೆ ನಾಲ್ಕು ಅಣು ಬಿಟ್ಟುಹೋಗುತ್ತವೆ, ಐದನೆಯದು ಹಟಮಾರಿ, 200 ಡಿಗ್ರಿ ದಾಟುವವರೆಗೆ ಜಗ್ಗುವುದಿಲ್ಲ. ತೂಕದಲ್ಲಿ ಈ ನೀರಿನ ಪಾಲು ಶೇ. 36. ಅಂದರೆ ಅಂಗಡಿಯಿಂದ ಒಂದು ಕಿಲೋ ಮೈಲುತುತ್ತ ತಂದರೆ ಅದರಲ್ಲಿ 360 ಗ್ರಾಂ ನೀರಿಗೇ ದುಡ್ಡು ಕೊಟ್ಟಿರುತ್ತೀರಿ. ತಾಮ್ರ ಇರುವುದು ಸುಮಾರು 255 ಗ್ರಾಂ. ಇದು ಮೋಸವಲ್ಲ, ಶುದ್ಧ ಹರಳಿನ ಲೆಕ್ಕವೇ ಹಾಗೆ. ಹಳೇ ಚೀಲದ ಹರಳಿನ ಮೇಲೆ ಬಿಳಿ ಹುಡಿ ಕಂಡರೆ ಅದು ಒಂದಿಷ್ಟು ನೀರು ಬಿಟ್ಟಿದೆ ಎಂದರ್ಥವಾಗಬಹುದು, ಕೆಟ್ಟಿದೆ ಎಂದಲ್ಲ. ಹಸಿರು ಛಾಯೆ ಕಂಡರೆ ಮಾತ್ರ ಅನುಮಾನ ಪಡಿ, ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಬೆರೆತಿರಬಹುದು. ಚಿಟಿಕೆಯನ್ನು ನೀರಿನಲ್ಲಿ ಕರಗಿಸಿ ಸಾಕಷ್ಟು ಅಮೋನಿಯ ಹಾಕಿದರೆ ತಾಮ್ರವೆಲ್ಲ ಕಡುನೀಲಿಯಾಗಿ ಕರಗಿಕೊಳ್ಳುತ್ತದೆ, ಅನ್ನಭೇದಿಯ ಕಬ್ಬಿಣ ಕೊಳಕು ಹಸಿರು-ಕಂದು ಗಷ್ಟಾಗಿ ಕೆಳಗೆ ಉಳಿಯುತ್ತದೆ.

ಹದಕ್ಕೆ ಇಳಿಸಿದ ಬಟ್ಟಲಿಗೆ ಮರಳೋಣ. ಅವಸರದಲ್ಲಿ ತಣ್ಣೀರಿನಲ್ಲಿಟ್ಟು ತಣಿಸಿದರೆ ಹರಳು ಸಕ್ಕರೆಯಷ್ಟು ಸಣ್ಣದು. ಕಾಗದ ಮುಚ್ಚಿ, ಯಾರೂ ಅಲುಗಾಡಿಸದ ಮೂಲೆಯಲ್ಲಿ ಒಂದು ರಾತ್ರಿ ಬಿಟ್ಟರೆ ಕಲ್ಲುಸಕ್ಕರೆಯಂಥವು ಸಿಗುತ್ತವೆ, ಓರೆಯಾಗಿ ಕತ್ತರಿಸಿದ ಬರ್ಫಿಯ ಆಕಾರ. ನಿಧಾನಕ್ಕೆ ತಣಿದಾಗ ಹೊಸ ಹರಳು ಹುಟ್ಟುವುದಕ್ಕಿಂತ ಹುಟ್ಟಿದ ಹರಳು ಬೆಳೆಯುವುದು ಹೆಚ್ಚು. ಇನ್ನೂ ದೊಡ್ಡದು ಬೇಕೆಂದರೆ ಅವುಗಳಲ್ಲಿ ಚೆಂದದ ಒಂದನ್ನು ನೂಲಿಗೆ ಕಟ್ಟಿ, ತಣ್ಣಗಿನ ತುಂಬು ದ್ರಾವಣದಲ್ಲಿ ವಾರಗಟ್ಟಲೆ ತೂಗುಬಿಡಿ.

ಎಷ್ಟು ಸಿಗಬೇಕು? ಇದ್ದ ಆಮ್ಲವೆಲ್ಲ ಹರಳಾದರೆ ಸುಮಾರು 12.5 ಗ್ರಾಂ. ಸಿಗುವುದು 8 ಗ್ರಾಂ ಆಸುಪಾಸು. ಉಳಿದದ್ದು ಎಲ್ಲೂ ಕಳೆದುಹೋಗಿಲ್ಲ, ಹರಳಿನ ಮೇಲೆ ನಿಂತ ನೀಲಿ ನೀರಿನಲ್ಲಿದೆ. ಅದನ್ನು ಬಸಿದು ಮತ್ತೆ ಇಂಗಿಸಿದರೆ ಎರಡನೇ ಬೆಳೆ, ಮೊದಲಿನಷ್ಟು ಶುದ್ಧವಲ್ಲ. ಹರಳನ್ನು ಒಂದೆರಡು ಹನಿ ತಣ್ಣೀರಿನಲ್ಲಿ ತೊಳೆದು, ಸೋಸುಕಾಗದದ ನಡುವೆ ಒತ್ತಿ ಒಣಗಿಸಿ. ಬಿಸಿಲಿಗೋ ಒಲೆಯ ಮೇಲೋ ಇಟ್ಟರೆ ನಮ್ಮ ಹೈಸ್ಕೂಲಿನ ಹುಡಿಯ ದಾರಿ ಹಿಡಿಯುತ್ತದೆ.

ಇದೇ ಉಪಾಯ ಎಲ್ಲ ಲೋಹಕ್ಕೂ ನಡೆಯುತ್ತದೆಯೇ? ಸತುವಿನ ಆಕ್ಸೈಡಿಗೆ, ಮೆಗ್ನೀಸಿಯಂ ಆಕ್ಸೈಡಿಗೆ ನಡೆಯುತ್ತದೆ, ಪುಡಿ ಬಿಳಿಯಾದ್ದರಿಂದ ಉಳಿದದ್ದು ಕಣ್ಣಿಗೆ ಬೇಗ ಕಾಣದು ಅಷ್ಟೆ. ಸೀಸದ ಆಕ್ಸೈಡನ್ನು ಸಲ್ಫ್ಯೂರಿಕ್ ಆಮ್ಲಕ್ಕೆ ಹಾಕಿದರೆ ಕೈಕೊಡುತ್ತದೆ. ಹುಟ್ಟುವ ಸೀಸದ ಸಲ್ಫೇಟ್ ನೀರಿನಲ್ಲಿ ಕರಗುವುದಿಲ್ಲ, ಪುಡಿಯ ಕಣಗಳ ಮೇಲೆ ಸಿಪ್ಪೆಯಂತೆ ಕೂತು ಆಮ್ಲ ಒಳಗೆ ಹೋಗದಂತೆ ತಡೆಯುತ್ತದೆ. ಅಲ್ಲಿ ನೈಟ್ರಿಕ್ ಆಮ್ಲ ಬೇಕು. ಲವಣ ಕರಗಬೇಕು, ಆಕ್ಸೈಡ್ ಕರಗಬಾರದು, ಈ ಎರಡೂ ಕೂಡಿಬಂದರೆ ಮಾತ್ರ ಸೋಸುಕಾಗದಕ್ಕೆ ಕೆಲಸ.

ಇನ್ನು ತೋಟಕ್ಕೆ. 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಬದಿಯ ದ್ರಾಕ್ಷಿ ಕದಿಯುವವರನ್ನು ಹೆದರಿಸಲು ರೈತರು ಬಳ್ಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ಎರಚಿದ ಬಳ್ಳಿಗೆ ಬೂಷ್ಟು ರೋಗ ಹತ್ತಿಲ್ಲವೆಂದು ಗಮನಿಸಿದವರು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ ಇದೇ ದ್ರಾವಣವನ್ನು ಸಿಂಪಡಿಸಲು ಹೇಳಿದರು. ಅಲ್ಲಿಯವರೆಗೆ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆ ತಡೆಯುವುದೇ ಉಪಾಯವಾಗಿತ್ತು.

ಬೋರ್ಡೋ ಎಂದೇ ಹೆಸರಾದ ಈ ದ್ರಾವಣ ಶೇ. 1ರದ್ದಾದರೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಬೇರೆ ಬೇರೆ ಕರಗಿಸಿ ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕುತ್ತಾರೆ. ಕಷ್ಟಪಟ್ಟು ಕರಗಿಸಿದ ತಾಮ್ರವನ್ನು ಇಲ್ಲಿ ಬೇಕೆಂದೇ ಕರಗದ ಹೈಡ್ರಾಕ್ಸೈಡ್ ಮಾಡುತ್ತೇವೆ. ಕಾಯಿಯ ಮೇಲೆ ಅಂಟಿ ಕೂತು ಮಳೆಗೆ ತೊಳೆದುಹೋಗದಿರಲಿ ಎಂದು.

ಬೀಕರಿನ ಹಳೇ ಪ್ರಶ್ನೆ ಡ್ರಮ್ಮಿನಲ್ಲೂ ಎದುರಾಗುತ್ತದೆ: ಯಾವುದು ಉಳಿದರೆ ವಾಸಿ? ಕರಗಿದ ತಾಮ್ರ ಉಳಿದರೆ ಎಳೆ ಕಾಯಿ, ಸಿಂಗಾರ ಸುಡುತ್ತದೆ. ಸುಣ್ಣ ತುಸು ಉಳಿದರೆ ಅಂಥ ತೊಂದರೆಯಿಲ್ಲ. ಪರೀಕ್ಷೆಗೆ ಕೊನೆಗೌಡನ ಸೊಂಟದ ಕತ್ತಿಯೇ ಸಾಕು. ತಿಕ್ಕಿ ಬೆಳ್ಳಗೆ ಮಾಡಿದ ಅಲಗನ್ನು ಒಂದು ನಿಮಿಷ ಅದ್ದಿ ತೆಗೆಯಬೇಕು. ತಾಮ್ರ ಇನ್ನೂ ಕರಗಿದ ರೂಪದಲ್ಲೇ ಇದ್ದರೆ ಕಬ್ಬಿಣ ತಾನು ಕರಗಿ ಅದನ್ನು ಹೊರಗೆಳೆಯುತ್ತದೆ, ಅಲಗಿನ ಮೇಲೆ ಕೆಂಪು ಲೇಪ ಕೂರುತ್ತದೆ. ತುತ್ತ ಕರಗಿಸಲು ಕಬ್ಬಿಣದ ಡ್ರಮ್ಮು ಬೇಡವೆನ್ನುವುದೂ ಇದಕ್ಕೇ.

“ಹೆಗಡೇರೇ, ಕತ್ತಿ ಕೆಂಪಾಯ್ತು” ಎಂದು ಡ್ರಮ್ಮಿನ ಹತ್ತಿರದಿಂದ ಕೂಗು ಬಂದರೆ ಒಳಗಿನಿಂದ ಇನ್ನೊಂದು ಬೊಗಸೆ ಸುಣ್ಣದ ತಿಳಿ ಬರುತ್ತದೆ. ಮತ್ತೆ ಕಲಕಿ, ಅಲಗು ತಿಕ್ಕಿ, ಮತ್ತೆ ಅದ್ದುತ್ತಾರೆ. ಅಲಗು ಬೆಳ್ಳಗೇ ಮೇಲೆ ಬಂದರೆ ಪೈಪು ಜೋಡಿಸುತ್ತಾರೆ. ಕಲಸಿದ್ದನ್ನು ಅಂದೇ ಹೊಡೆದು ಮುಗಿಸಬೇಕು, ಮಿಕ್ಕಿದ್ದನ್ನು ಹಳ್ಳಕ್ಕೆ ಚೆಲ್ಲುವಂತಿಲ್ಲ, ಮೀನಿಗೆ ತಾಮ್ರ ಆಗದು.